ಲೆಕ್ಕ ಕೇಳುವ ಹಕ್ಕು

೧೯೬೩ರ ಆಗಸ್ಟಿನಲ್ಲಿ ಡಾ. ಲೋಹಿಯಾ ಅವರು ಲೋಕಸಭೆಯಲ್ಲಿ, ದೇಶದ ೨೭ ಕೋಟಿ ಜನ ದಿನಕ್ಕೆ ೩ ಆಣೆಯಲ್ಲಿ ಬದುಕುತ್ತಿದ್ದಾರೆಂದರು. ಪ್ರಧಾನಿ ನೆಹರೂ ೧೫ ಆಣೆಯೆಂದರು. ಯೋಜನಾ ಮಂತ್ರಿ ನಂದಾ ಏಳೂವರೆ ಆಣೆಯೆಂದರು. ಒಂದೇ ಸರ್ಕಾರದಲ್ಲಿ ಎರಡು ಲೆಕ್ಕ! ಪಂಡಿತರ ಬೀರುವಿನಲ್ಲಿದ್ದ ಅಂಕಿಅಂಶ ಅಂದು ಬೀದಿಯ ಮಾತಾಯಿತು.

೨೦೧೭-೧೮ರ ನಿರುದ್ಯೋಗ ಸಮೀಕ್ಷೆಯ ಗತಿ ಬೇರೆಯಾಯಿತು. ಸಂಖ್ಯಾಶಾಸ್ತ್ರ ಆಯೋಗವು ೨೦೧೮ರ ಡಿಸೆಂಬರಿನಲ್ಲೇ ಒಪ್ಪಿದ ವರದಿಯನ್ನು ಸರ್ಕಾರ ಪ್ರಕಟಿಸಿದ್ದು ೨೦೧೯ರ ಮೇ ೩೧ರಂದು, ಲೋಕಸಭಾ ಚುನಾವಣೆ ಮುಗಿದ ಮೇಲೆ. ನಿರುದ್ಯೋಗ ಶೇಕಡಾ ೬.೧ ಇತ್ತು. ಓಟಿಗೆ ಮೊದಲು ಬೇಕಾದ ಲೆಕ್ಕ ಓಟಾದ ಮೇಲೆ ಬಂದರೆ ಫಲವೇನು?

ಖಾತೆ ಪುಸ್ತಕ ತೋರಿಸದ ಪಾಲುದಾರನನ್ನು ಯಾವ ವರ್ತಕನು ನಂಬಿಯಾನು? ಹಾಜರಿ ಪುಸ್ತಕ ಬಚ್ಚಿಟ್ಟ ಮಾಲೀಕನನ್ನು ಯಾವ ಕಾರ್ಮಿಕನು ನಂಬಿಯಾನು? ಸಮೀಕ್ಷೆಗೆ ಹಣ ಕೊಟ್ಟವರೂ ಉತ್ತರ ಹೇಳಿದವರೂ ಜನರೇ. ಫಲಿತಾಂಶ ಸಕಾಲದಲ್ಲಿ ಅವರ ಕೈಸೇರಲೇಬೇಕೆಂದು ನಾವು ಒತ್ತಾಯಿಸುತ್ತೇವೆ.