ಈ ಶಾಯಿ ಎಷ್ಟು ದಿನ ತಡೆಯುತ್ತದೆ?

ಮಾಲು ತರಿಸುವ ಮೊದಲು ಅದು ಗೋದಾಮಿನಲ್ಲಿ ಎಷ್ಟು ದಿನ ತಡೆಯುತ್ತದೆ ಎಂದು ಕೇಳುವುದು ನಮ್ಮ ಅಂಗಡಿ ಮನೆತನಗಳ ರೂಢಿ. ವಿಜ್ಞಾನದ ಒಂದು ಹೊಸ ಸರಕಿಗೂ ಅದೇ ಪ್ರಶ್ನೆ ಹಾಕೋಣ.

ಸರಕು ಒಂದು ಕಪ್ಪು ಶಾಯಿ, ಹೆಸರು ಮ್ಯಾಕ್ಸೀನ್. ಅದರಿಂದ ಕಾಗದದ ಮೇಲೋ ಮಡಚಬಲ್ಲ ತೆಳು ಪ್ಲಾಸ್ಟಿಕ್ಕಿನ ಮೇಲೋ ಗೆರೆಗಳನ್ನು ಅಚ್ಚು ಹಾಕಿ, ನಡುವೆ ಲವಣದ ಅಂಟುದ್ರವ ಸವರಿದರೆ ಆ ಗೆರೆಗಳೇ ವಿದ್ಯುತ್ತನ್ನು ಕೂಡಿಡುತ್ತವೆ. 2011ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಯೂರಿ ಗೊಗೊತ್ಸಿ, ಮಿಶೆಲ್ ಬಾರ್ಸೂಮ್ ಮತ್ತು ಸಂಗಡಿಗರು ಈ ವಸ್ತುವನ್ನು ಕಂಡುಹಿಡಿದರು. ಟೈಟಾನಿಯಂ, ಅಲ್ಯೂಮಿನಿಯಂ, ಇಂಗಾಲ ಕೂಡಿದ ಪುಡಿಯಿಂದ ಅಲ್ಯೂಮಿನಿಯಂ ಒಂದನ್ನೇ ಆಮ್ಲದಲ್ಲಿ ಕರಗಿಸಿ ತೆಗೆದರೆ ಹಾಳೆ ಹಾಳೆಯಾಗಿ ಬಿಡಿಸಬಹುದಾದ ವಸ್ತು ಉಳಿಯುತ್ತದೆ. ಒಂದೊಂದು ಹಾಳೆಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಅದು ಲೋಹದಂತೆ ವಿದ್ಯುತ್ ಹರಿಸುತ್ತದೆ, ನೀರಿನಲ್ಲೂ ಸಲೀಸಾಗಿ ಬೆರೆಯುತ್ತದೆ. 2019ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ವಲೇರಿಯಾ ನಿಕೊಲೋಸಿಯವರ ತಂಡ ಡ್ರೆಕ್ಸೆಲ್‌ನವರ ಜತೆಗೂಡಿ, ಅಂಟು ಗಿಂಟು ಯಾವ ಬೆರಕೆಯೂ ಇಲ್ಲದೆ ಇದನ್ನು ಅಚ್ಚು ಹಾಕಿ ತೋರಿಸಿತು. ಬೆರಕೆ ಇಲ್ಲ ಎಂದರೆ ವ್ಯಾಪಾರಿಯ ಕಿವಿ ನೆಟ್ಟಗಾಗುವುದು ಸಹಜ!

ಆದರೆ ತೊಡಕು ಇರುವುದು ತಡೆಯುವುದರಲ್ಲೇ. ನೀರು, ಗಾಳಿ ಸೇರಿದಲ್ಲಿ ಈ ಹಾಳೆಗಳು ಮೆಲ್ಲನೆ ಟೈಟಾನಿಯಂ ಡೈಆಕ್ಸೈಡ್ ಆಗಿ ಕೆಡುತ್ತವೆ. ಅದು ಮತ್ತೇನಲ್ಲ, ಗೋಡೆಯ ಬಣ್ಣಕ್ಕೆ ಹಾಕುವ ಬಿಳಿ ಪುಡಿ. ಕಪ್ಪು ಶಾಯಿ ಶೀಶೆಯಲ್ಲೇ ಬೆಳ್ಳಗಾಗುತ್ತದೆ. ಹಾಗಾಗದಂತೆ ಆರ್ಗಾನ್ ಅನಿಲ ತುಂಬಿ ತಂಪಿನಲ್ಲಿಡುತ್ತಿದ್ದರು. 2021ರಲ್ಲಿ ಡ್ರೆಕ್ಸೆಲ್‌ನವರೇ ಮೂಲ ಪುಡಿ ತಯಾರಿಸುವಾಗ ಅಲ್ಯೂಮಿನಿಯಂ ತುಸು ಹೆಚ್ಚು ಹಾಕಿ ನೋಡಿದರು. ಹಾಳೆಗಳಲ್ಲಿ ದೋಷ ಕಡಿಮೆಯಾಗಿ, ಸಾಮಾನ್ಯ ಉಷ್ಣತೆಯ ನೀರಿನಲ್ಲೇ ಶಾಯಿ ಹತ್ತು ತಿಂಗಳು ನಿಂತಿತು. ಹತ್ತು ತಿಂಗಳು ಎಂದರೆ ಲೆಕ್ಕಕ್ಕೆ ಹಿಡಿಯಬಹುದಾದ ಅವಧಿಯೇ.

ಇನ್ನು ಇದರ ದುಡಿಮೆ. ವಿದ್ಯುತ್ಕಣಗಳು ಹಾಳೆಯ ಮೈಗೆ ಹತ್ತುತ್ತವೆ, ಬಿಡುತ್ತವೆ. ಆದ್ದರಿಂದ ತುಂಬುವುದು ಬಹಳ ಬೇಗ, ಸಾವಿರಾರು ಸಲ ತುಂಬಿದರೂ ಸವೆತ ಕಡಿಮೆ. ಆದರೆ ಅಷ್ಟೇ ತೂಕದ ಲಿಥಿಯಂ ಬ್ಯಾಟರಿ ಹಿಡಿಯುವುದರ ಸಣ್ಣ ಪಾಲನ್ನಷ್ಟೇ ಇದು ಹಿಡಿದೀತು. ಹತ್ತಿ ಬಟ್ಟೆಯನ್ನು ಈ ದ್ರವದಲ್ಲಿ ಅದ್ದಿ ಮಾಡಿದ ತೇಪೆಯೊಂದು ಉಷ್ಣತೆ ಅಳೆದು ರೇಡಿಯೋ ಮೂಲಕ ತಿಳಿಸುವ ಪುಟ್ಟ ಯಂತ್ರವನ್ನು ಒಂದೂವರೆ ತಾಸು ನಡೆಸಿದೆ. ಜ್ವರ ನೋಡುವ ಪಟ್ಟಿಗೆ ಸಾಕು, ಮೊಬೈಲು ತುಂಬಿಸಲು ಸಾಲದು.

ಬೆವರು, ಸೋಪು, ಒಗೆಯುವ ಕಲ್ಲು, ಇವುಗಳ ಪರೀಕ್ಷೆ ಬೇರೆಯೇ ಇದೆ. ಆದಕಾರಣ ಜವಳಿ ಬಂಧುಗಳಲ್ಲಿ ಒಂದು ಮಾತು: "ಮೊಬೈಲು ಚಾರ್ಜ್ ಮಾಡುವ ಅಂಗಿ, ಊರಿಗೊಬ್ಬರೇ ಏಜೆಂಟರು, ಮುಂಗಡ ಕಟ್ಟಿ" ಎಂದು ಯಾರಾದರೂ ಬಂದರೆ, ಎಷ್ಟು ವ್ಯಾಟ್-ಗಂಟೆ, ಎಷ್ಟು ಒಗೆತ, ಶಾಯಿ ಕಾಯಿಸಿದ ತಾರೀಖು ಯಾವುದು ಎಂದು ಬರೆದು ಕೇಳಿ.