ಹಳೆಯ ಗಣಕಯಂತ್ರಕ್ಕೆ ಹೊಸ ಫ್ಯಾನು

ಗದ್ದಲ ಮಾಡುವ ಹಳೆಯ ಗಣಕಯಂತ್ರವನ್ನು ಗುಜರಿಗೆ ಹಾಕಿ ಹೊಸದನ್ನು ತರಬೇಕೆಂಬ ಮಾತು ಮನೆಮನೆಗಳಲ್ಲಿ ಕೇಳಿಬರುತ್ತದೆ. ಇದು ವಿವೇಕದ ಮಾತಲ್ಲವೆಂದು ನನ್ನ ಅಭಿಪ್ರಾಯ.

ಅನೇಕ ವೇಳೆ ಸವೆದುಹೋಗಿರುವುದು ಫ್ಯಾನೊಂದೇ. ಹಾರ್ಡ್ ಡಿಸ್ಕುಗಳ ಗೂಡಿಗೆ ಗಾಳಿ ಬೀಸುವ ಈ ಸಣ್ಣ ಫ್ಯಾನಿಗೆ ಕಾಲಕ್ರಮದಲ್ಲಿ ಧೂಳು ಹಿಡಿದು, ಬೇರಿಂಗಿನ ಎಣ್ಣೆ ಆರಿ, ಕರ್ಕಶ ಧ್ವನಿ ಹುಟ್ಟುತ್ತದೆ. ಸದ್ದಡಗಿಸಲೆಂದು ಅದರ ತಂತಿಯನ್ನೇ ಕಿತ್ತಿಡುವವರುಂಟು. ಅದು ರೋಗಕ್ಕಿಂತ ಕೆಟ್ಟ ಚಿಕಿತ್ಸೆ. ಮುಂಬಯಿಯ ಸೆಕೆಯಲ್ಲಿ ಡಿಸ್ಕು ವಿಪರೀತ ಕಾದರೆ, ವರ್ಷಗಳಿಂದ ಕೂಡಿಟ್ಟ ಬರಹ, ಚಿತ್ರಗಳೆಲ್ಲವೂ ನಾಶವಾಗಬಹುದು.

ಫ್ಯಾನನ್ನು ಬದಲಿಸುವುದೇ ಸರಿಯಾದ ಮಾರ್ಗ. ಸ್ಥಳವಿದ್ದರೆ 80 ಮಿಲ್ಲಿಮೀಟರಿನದಕ್ಕಿಂತ 120 ಮಿಲ್ಲಿಮೀಟರಿನ ಫ್ಯಾನು ಲೇಸು. ದೊಡ್ಡ ರೆಕ್ಕೆಗಳು ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿಯನ್ನು ತಳ್ಳುವುದರಿಂದ ಸದ್ದು ಕಡಿಮೆ. ಗ್ರಾಂಟ್ ರೋಡ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ಲ್ಯಾಮಿಂಗ್ಟನ್ ರಸ್ತೆ ಇಂತಹ ಬಿಡಿಭಾಗಗಳಿಗೆ ಹೆಸರಾದ ಪೇಟೆ. ಹಳೆಯ ಫ್ಯಾನನ್ನು ಜೊತೆಗೊಯ್ದರೆ ಅಳತೆ ತಪ್ಪದು. ಪ್ಲಗ್ಗನ್ನು ತೆಗೆದ ಮೇಲೆಯೇ, ಹಿರಿಯರ ಸಮಕ್ಷಮದಲ್ಲಿ ಪೆಟ್ಟಿಗೆಯನ್ನು ತೆರೆಯತಕ್ಕದ್ದು. ಹೊಸ ಫ್ಯಾನಿನ ಗಾಳಿ ಹಳೆಯದರ ದಿಕ್ಕಿಗೇ ಬೀಸುವಂತೆ ಜೋಡಿಸತಕ್ಕದ್ದು. ವಿದ್ಯುತ್ ಪೂರೈಸುವ ಒಳಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬಾರದು.

ಹಳೆಯ ಯಂತ್ರದ ವೇಗ ಸಾಲದೆಂದು ಕೆಲವರು ಆಕ್ಷೇಪಿಸುವರು. ಪ್ರಬಂಧ ಬರೆಯಲು, ಲೆಕ್ಕ ಮಾಡಲು ಅದು ಧಾರಾಳವಾಗಿ ಸಾಕು. ಎಸೆದರೆ ಅದರೊಳಗಿನ ಸೀಸ ಮೊದಲಾದ ವಿಷವಸ್ತುಗಳು ಮಣ್ಣನ್ನೂ ನೀರನ್ನೂ ಸೇರುವ ಅಪಾಯವಿದೆ. 2022ರ ಇ-ತ್ಯಾಜ್ಯ ನಿಯಮಗಳು ಹುಟ್ಟಿದ್ದೂ ಇಂತಹ ಅಪಾಯವನ್ನು ತಡೆಯಲೆಂದೇ.

ವಿದ್ಯಾರ್ಥಿ ಮಿತ್ರರೇ, ಕೊಳ್ಳುವುದನ್ನು ಹಣವುಳ್ಳ ಯಾರೂ ಮಾಡಬಲ್ಲರು. ಕೆಟ್ಟುದನ್ನು ಅರಿತು ಸರಿಪಡಿಸುವುದಕ್ಕೆ ವಿದ್ಯೆ ಬೇಕು. ಆ ವಿದ್ಯೆಯನ್ನು ಒಂದು ಫ್ಯಾನಿನಿಂದಲೇ ಆರಂಭಿಸೋಣ.