ಗೌಂಡಿಗೆ ಶಾಲೆಯ ಬಾಗಿಲು ತೆರೆಯಿರಿ

ಹಿಂದಿನ ವರ್ಷ ನಮ್ಮ ಕಡೆಯ ಒಂದು ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಹೋಗಿದ್ದೆ. ಶಾಲೆಯ ಹಿಂದೆ ಎರಡು ಹೊಸ ಕೋಣೆಗಳ ಕೆಲಸ ನಡೆದಿತ್ತು. ಪ್ರಾರ್ಥನೆ ಶುರುವಾಗುವ ಮುನ್ನ ಸಿಪಾಯಿ ಓಡಿಹೋಗಿ, ಸದ್ದು ಮಾಡಬೇಡಿ ಎಂದು ಗೌಂಡಿಗಳಿಗೆ ಹೇಳಿಬಂದ. ಆಮೇಲೆ ವೇದಿಕೆಯ ಮೇಲಿದ್ದವರೆಲ್ಲ ಸರದಿಯ ಮೇಲೆ ಎದ್ದು ಮಕ್ಕಳನ್ನು 'ರಾಷ್ಟ್ರ ನಿರ್ಮಾಪಕರು' ಎಂದು ಕರೆದರು. ನಾನು ಚಿಕ್ಕವನಿದ್ದಾಗ ಓದಿದ ಉರ್ದು ಶಾಲೆಯಲ್ಲೂ ಇದೇ ಮಾತು: ನೀವು ಕೌಮಿನ ಮೇಮಾರರು! ಮೇಮಾರ್ ಎಂದರೆ ಕಟ್ಟುವವನು. ಅಂದು ನಿಜವಾದ ಮೇಮಾರರು ಗೋಡೆಯ ಆಚೆ ಬೀಡಿ ಸೇದುತ್ತ, ಮೈಕು ನಿಲ್ಲುವುದನ್ನೇ ಕಾಯುತ್ತ ಕೂತಿದ್ದರು.

ಹತ್ತನೆಯ ತರಗತಿ ಮುಗಿಸುವ ಮಗು ಹತ್ತು ವರ್ಷ ಕಟ್ಟಡದೊಳಗೇ ಕೂತು ಕಲಿತಿರುತ್ತದೆ. ಆ ಕಟ್ಟಡದ ಬಗ್ಗೆ ಏನಾದರೂ ಕೇಳಿ ನೋಡಿ. ಚಾವಣಿಯ ಭಾರ ಯಾವುದರ ಮೇಲೆ ನಿಂತಿದೆ? ಅಂಗಳದ ಮಳೆನೀರು ಎಲ್ಲಿಗೆ ಹರಿಯುತ್ತದೆ? ಅಜ್ಜಿಯ ಮಣ್ಣಿನ ಮಾಳಿಗೆಯ ಮನೆ ಬೇಸಿಗೆಯಲ್ಲೂ ತಂಪಾಗಿತ್ತು, ಈ ಆರ್‌ಸಿಸಿ ಕೋಣೆ ಏಕೆ ಒಲೆಯಂತೆ ಕಾಯುತ್ತದೆ? ಉತ್ತರ ಮಕ್ಕಳಿಗೆ ಗೊತ್ತಿಲ್ಲ. ಮಾಸ್ತರರಿಗೂ ಗೊತ್ತಿಲ್ಲ.

ವಿಜಯಪುರದ ಗೋಲಗುಮ್ಮಟವನ್ನೇ ತೆಗೆದುಕೊಳ್ಳಿ. ಅದು 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಪ್ರವಾಸಕ್ಕೆ ಹೋದಾಗ ಮೇಲೆ ಹತ್ತಿ ಕೂಗಿ, ಪ್ರತಿಧ್ವನಿ ಕೇಳಿ ಇಳಿಯುತ್ತಾರೆ. ಸುಮಾರು 44 ಮೀಟರ್ ಅಗಲದ ಗುಮ್ಮಟ ಕೆಳಗೆ ಒಂದೂ ಕಂಬವಿಲ್ಲದೆ ಹೇಗೆ ನಿಂತಿತು? ಅಡ್ಡಡ್ಡ ಹೆಣೆದುಕೊಂಡ ಕಮಾನುಗಳು ಚೌಕದ ಗೋಡೆಗಳಿಂದ ದುಂಡು ಗುಮ್ಮಟಕ್ಕೆ ಆಧಾರ ಒದಗಿಸುತ್ತವೆ, ಗುಮ್ಮಟ ಹೊರಕ್ಕೆ ದೂಡುವ ಒತ್ತಡವನ್ನೂ ತಡೆಯುತ್ತವೆ. ಇದನ್ನು ಹೇಳುವವರಿಲ್ಲ. ಸುಲ್ತಾನನ ಹೆಸರು ಪರೀಕ್ಷೆಗೆ ಬರುತ್ತದೆ, ಕಟ್ಟಿದವನ ಬುದ್ಧಿ ಬರುವುದಿಲ್ಲ.

ಗಣಿತದ ಕಥೆಯೂ ಅಷ್ಟೇ. ಪಾಯ ಹಾಕುವಾಗ ಗೌಂಡಿ ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ದಾರ ಎಳೆಯುತ್ತಾನೆ. ಆ ಎರಡು ತುದಿಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ನೆಟ್ಟಗಿದೆ ಎಂದರ್ಥ. ಒಳಗೆ ಮಕ್ಕಳು ಕಂಠಪಾಠ ಮಾಡುವ ಪೈಥಾಗೊರಸನ ಪ್ರಮೇಯ ಇದೇ ಅಲ್ಲವೇ? ನಡುವೆ ಇರುವುದು ಒಂಬತ್ತು ಅಂಗುಲದ ಗೋಡೆ. ಅದನ್ನು ದಾಟಿಸುವ ಮನಸ್ಸು ಯಾರಿಗೂ ಇಲ್ಲ.

ಈ ಅಜ್ಞಾನಕ್ಕೆ ನಾವು ಬೆಲೆ ತೆರುತ್ತೇವೆ. ನಮ್ಮ ಮನೆಗೆ ಸ್ಲ್ಯಾಬು ಹಾಕಿದ ದಿನ ಪದವೀಧರರಾದ ನಾವು ಮೂವರು ಅಣ್ಣತಮ್ಮಂದಿರು ನಿಂತು ನೋಡುತ್ತಿದ್ದೆವು. ಮುದುಕ ಗೌಂಡಿಯೊಬ್ಬ ಮೆಲ್ಲಗೆ, "ನೀರು ಭಾಳ ಆತ್ರೀ ಸಾಹೇಬ್ರ" ಎಂದ. ಗುತ್ತಿಗೆದಾರ ಅವನನ್ನು ಗದರಿಸಿದ. ನಾವು ನಂಬಿದ್ದು ಇಸ್ತ್ರಿ ಅಂಗಿಯವನನ್ನು. ನೀರು ಹೆಚ್ಚಾದರೆ ಕಾಂಕ್ರೀಟು ಸುರಿಯಲು ಸಲೀಸು, ಆದರೆ ಗಟ್ಟಿತನ ಹೋಗುತ್ತದೆ. ಹಾಕಿದ ಮೇಲೆ ಕನಿಷ್ಠ 7 ದಿನ ಒದ್ದೆಯಾಗಿಡಬೇಕು. ಇಷ್ಟು ನಮಗೆ ಯಾವ ಶಾಲೆಯೂ ಹೇಳಿರಲಿಲ್ಲ. ಎರಡನೆಯ ಮಳೆಗಾಲಕ್ಕೆ ಚಾವಣಿ ಸೋರಿತು. ಅಬ್ಬಾ ಜೀವಮಾನವಿಡೀ ಉಳಿಸಿದ ದುಡ್ಡು ಅದು.

ನಮ್ಮದು ಬರೀ ಸೋರಿತು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೇ ಕುಸಿದು 19 ಜನ ಸತ್ತರು. ತಪ್ಪಿತಸ್ಥರನ್ನು ಶಿಕ್ಷಿಸುವುದು ಕಾನೂನಿನ ಕೆಲಸ. ಆದರೆ ಟೈಲ್ಸ್ ಮುಟ್ಟಿ ನೋಡಿ ಮನೆ ಕೊಳ್ಳುವ, ಕಂಬದ ಬಗ್ಗೆ ಒಂದು ಮಾತೂ ಕೇಳಲಾರದ ವಿದ್ಯಾವಂತರನ್ನು ತಯಾರಿಸಿದ್ದು ನಮ್ಮ ಶಾಲೆಗಳೇ.

"ಹಾಗಾದರೆ ಗೌಂಡಿಯ ಮಗ ಗೌಂಡಿಯೇ ಆಗಲಿ ಎನ್ನುತ್ತೀರಾ?" ಎಂದು ಗೆಳೆಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ನಮ್ಮ ಮೊಹಲ್ಲಾಗಳಿಂದ, ದಲಿತರ ಕೇರಿಗಳಿಂದ ಶಾಲೆ ಬಿಟ್ಟ ಹುಡುಗರು ಹೋಗುವುದು ಈ ಕೆಲಸಕ್ಕೇ. ಈ ಪಾಠವನ್ನು 'ದಡ್ಡ'ರೆಂದು ಹಣೆಪಟ್ಟಿ ಹಚ್ಚಿದವರಿಗೆ ಮಾತ್ರ ಮೀಸಲಿಟ್ಟರೆ ಮೊದಲು ವಿರೋಧಿಸುವವನು ನಾನೇ. ಮಕ್ಕಳ ತಲೆಯ ಮೇಲೆ ಬುಟ್ಟಿ ಹೊರಿಸುವುದೂ ಬೇಡ. ಡಾಕ್ಟರರ ಮಗಳು, ಗೌಂಡಿಯ ಮಗ ಒಂದೇ ಬೆಂಚಿನಲ್ಲಿ ಕೂತು ಇದನ್ನು ಕಲಿಯಬೇಕು. ಗಾಂಧೀಜಿಯ ಮುಂದಾಳತ್ವದಲ್ಲಿ 1937ರಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನ ಡಾ. ಝಾಕಿರ್ ಹುಸೇನರ ಸಮಿತಿಗೆ ಒಪ್ಪಿಸಿದ್ದು ಕೈಕಸುಬಿನ ಮೂಲಕವೇ ಎಲ್ಲ ಪಾಠ ಕಲಿಸುವ ಯೋಜನೆ ರೂಪಿಸುವ ಕೆಲಸವನ್ನು. ಅದನ್ನು ನಾವು ಬಡವರ ಶಿಕ್ಷಣವೆಂದು ಮೂಲೆಗೆ ತಳ್ಳಿದೆವು.

ಹೊಸ ಪುಸ್ತಕ ಬೇಕಿಲ್ಲ, ಇನ್ನೊಂದು ಪರೀಕ್ಷೆಯಂತೂ ಬೇಡವೇ ಬೇಡ. ಎಂಟರಿಂದ ಹತ್ತನೆಯ ತರಗತಿಯವರಿಗೆ ವರ್ಷಕ್ಕೆ ಹತ್ತು ಶನಿವಾರ ಸಾಕು. ಊರಿನ ಗೌಂಡಿಯನ್ನು ಕರೆಯಿರಿ, ಅವನ ದಿನದ ಪಗಾರ ಕೊಡಿ. ಮಕ್ಕಳು ತಮ್ಮ ಕೋಣೆಯನ್ನು ಅಳೆದು ನಕ್ಷೆ ಬರೆಯಲಿ. ತೂಕದ ಗುಂಡು ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ನೋಡಲಿ, ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿಯಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಅಡೆತಡೆಯಿಲ್ಲದ ದಾರಿ ಇರಬೇಕು ಎನ್ನುತ್ತದೆ. ಹಾಗಿದ್ದರೆ ರ‍್ಯಾಂಪು 1 ಅಡಿ ಏರಲು 12 ಅಡಿ ಉದ್ದವಿದೆಯೇ? ಇಲ್ಲದಿದ್ದರೆ ಅಳತೆ ಸಮೇತ ಎಸ್‌ಡಿಎಂಸಿಗೆ ಅರ್ಜಿ ಬರೆಯಲಿ. ಅದೇ ವಿಜ್ಞಾನದ ಪಾಠ, ಅದೇ ಪೌರನೀತಿ.

ಮುಂದಿನ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ಗೌಂಡಿಗೂ ಒಂದು ಕುರ್ಚಿ ಹಾಕಿ. ಅಷ್ಟೂ ಆಗದಿದ್ದರೆ ದಯವಿಟ್ಟು ಮಕ್ಕಳನ್ನು ಮೇಮಾರರೆಂದು ಕರೆಯುವುದನ್ನು ನಿಲ್ಲಿಸಿ.